ಹಳೇ ಡಿಶ್‌ವಾಷರ್ ಕಿತ್ತು ಹಾಕುವ ಮುಂಚೆ

ಪುಟ್ಟೀ, ಹೊಸ ಮನೆಯ ಫೋಟೊಗಳನ್ನೆಲ್ಲ ನೋಡಿದೆ. ಹಜಾರ, ಹಿತ್ತಲು, ನೆಲಮಾಳಿಗೆ ಎಲ್ಲವೂ ಚೆನ್ನಾಗಿವೆ. ನನ್ನ ಕಣ್ಣು ನಿಂತದ್ದು ಮಾತ್ರ ಅಡುಗೆಮನೆಯ ಸಿಂಕಿನ ಪಕ್ಕದ ಆ ಡಿಶ್‌ವಾಷರ್ ಮೇಲೆ. "ನಲವತ್ತು ವರ್ಷ ದಾಟಿದೆ ದೊಡ್ಡಪ್ಪ, ಕಂಟ್ರಾಕ್ಟರ್ ಬರೋ ವಾರ ಕಿತ್ತು ಹಾಕ್ತಾನಂತೆ" ಎಂದು ಬರೆದಿದ್ದೀಯ. ಅವನಿಗೆ ಸ್ವಲ್ಪ ದಿನ ತಡಿ ಅಂತ ಹೇಳು. ಗೋಡೆಗೆ ಬಣ್ಣ, ನೆಲಕ್ಕೆ ಹೊಸ ಹಲಗೆ, ಏನು ಬೇಕಾದರೂ ಮಾಡಲಿ. ಆ ಯಂತ್ರದ ಮೇಲೆ ಕೈ ಹಾಕುವ ಮುಂಚೆ ನಾನು ಹೇಳುವುದನ್ನು ಓದು. ಅಳಿಯಂದಿರಿಗೂ ಓದಿ ಹೇಳು.

ಹೊಸದು ಕೊಳ್ಳಲೇಬೇಡ ಎಂದು ನಾನು ಹೇಳುತ್ತಿಲ್ಲ. ಅದು ಕೆಟ್ಟಿದೆಯೋ ಇಲ್ಲವೋ ಎಂದು ಈವರೆಗೆ ಯಾರೂ ನೋಡಿಲ್ಲ, ಅಷ್ಟೇ ನನ್ನ ತಕರಾರು. ವಯಸ್ಸು ಕೇಳಿ ತೀರ್ಪು ಕೊಟ್ಟಿದ್ದಾರೆ. ಆ ಕಾಲದ ಯಂತ್ರ ಒಟ್ಟಿಗೆ ಕೆಡುವುದಿಲ್ಲ ಕಣಮ್ಮ. ಒಂದು ರಬ್ಬರ್ ಗಟ್ಟಿಯಾಗುತ್ತದೆ, ಒಂದು ವಾಲ್ವ್‌ನಲ್ಲಿ ಕಸ ಸಿಕ್ಕುತ್ತದೆ, ಒಂದು ಸ್ವಿಚ್ ಸವೆಯುತ್ತದೆ. ಕೆಟ್ಟದ್ದನ್ನು ಮಾತ್ರ ಬಿಚ್ಚಿ, ಬೇರೆ ಹಾಕಿ, ಮತ್ತೆ ಮುಚ್ಚಬಹುದು. ಹಾಗೆ ಮಾಡಲೆಂದೇ ಅದನ್ನು ಕಟ್ಟಿದ್ದಾರೆ.

ಬಾಗಿಲು ತೆರೆದು ಅಂಚಿನಲ್ಲಿ ಹುಡುಕು. ಮಾದರಿಯ ಸಂಖ್ಯೆ ಇರುವ ಪಟ್ಟಿಯೊಂದು ಸಿಗುತ್ತದೆ. ಫೋಟೊದಲ್ಲಿ ಕಿಚನ್‌ಏಡ್ ಎಂಬ ಹೆಸರು ನನಗೆ ಕಂಡಿತು. ಪಟ್ಟಿಯಲ್ಲಿ ಹೋಬಾರ್ಟ್ ಎಂದೂ ಇದ್ದರೆ, ನಿನ್ನ ಅಡುಗೆಮನೆಯಲ್ಲಿ ಒಂದು ದೊಡ್ಡ ವಂಶದ ಕುಡಿ ಕೂತಿದೆ ಎಂದು ತಿಳಿದುಕೋ.

ಇಲಿನಾಯ್ ರಾಜ್ಯದ ಶೆಲ್ಬಿವಿಲ್ ಎಂಬ ಊರಿನಲ್ಲಿ ಜೋಸೆಫೀನ್ ಕಾಕ್ರನ್ ಎಂಬ ಹೆಣ್ಣುಮಗಳಿದ್ದಳು. 1883ರಲ್ಲಿ ಗಂಡ ತೀರಿಕೊಂಡ, ತಲೆಯ ಮೇಲೆ ಸಾಲ ಉಳಿಯಿತು. ಊರಿನ ಒಬ್ಬ ಮೆಕ್ಯಾನಿಕ್‌ನ ಸಹಾಯ ತೆಗೆದುಕೊಂಡು ಅವಳು ಪಾತ್ರೆ ತೊಳೆಯುವ ಯಂತ್ರ ಕಟ್ಟಿದಳು. 1886ರ ಡಿಸೆಂಬರ್ 28ರಂದು ಅದಕ್ಕೆ ಪೇಟೆಂಟ್ ಸಿಕ್ಕಿತು. ಅವಳಿಗಿಂತ ಮುಂಚೆಯೂ ಕೆಲವರು ಪ್ರಯತ್ನಿಸಿದ್ದರು. ಅವಳ ಜಾಣತನ ಎರಡು ವಿಷಯದಲ್ಲಿತ್ತು. ತಟ್ಟೆ, ಬಟ್ಟಲು, ಸಾಸರುಗಳ ಅಳತೆ ತೆಗೆದು, ಒಂದೊಂದಕ್ಕೂ ಕೂರುವ ಜಾಗವಿರುವ ತಂತಿಯ ಗೂಡು ಮಾಡಿದಳು. ಉಜ್ಜುವ ಕೆಲಸವನ್ನು ನೀರಿನ ರಭಸಕ್ಕೇ ಬಿಟ್ಟಳು. ಇವತ್ತಿಗೂ ಎಲ್ಲ ಡಿಶ್‌ವಾಷರ್‌ಗಳೂ ಇದನ್ನೇ ಮಾಡುತ್ತಿವೆ. 1893ರ ಷಿಕಾಗೊ ವಿಶ್ವಮೇಳದಲ್ಲಿ ಅವಳ ಯಂತ್ರ ಎಲ್ಲರ ಕಣ್ಣಿಗೆ ಬಿತ್ತು. ಕೊಂಡವರು ಮನೆಯವರಲ್ಲ, ಹೋಟೆಲುಗಳವರು. ದಿನವಿಡೀ ನೂರಾರು ಜನರ ಮುಸುರೆ ತೊಳೆಯಬೇಕಾದ ಜಾಗಗಳು ಅವು.

ಅವಳ ಕಂಪನಿ 1926ರಲ್ಲಿ ಹೋಬಾರ್ಟ್ ಕಂಪನಿಯ ಕೈಗೆ ಬಂತು. ಹೋಬಾರ್ಟಿನವರು ನಮ್ಮ ಓಹಾಯೊದವರೇ. ನಮ್ಮ ಡೇಟನ್‌ನಿಂದ ಉತ್ತರಕ್ಕೆ ಅರ್ಧ ಗಂಟೆ ಕಾರು ಓಡಿಸಿದರೆ ಅವರ ಊರು ಟ್ರಾಯ್ ಸಿಗುತ್ತದೆ. ಅವರದ್ದು ಹೋಟೆಲು, ಬೇಕರಿಗಳಿಗೆ ಯಂತ್ರ ಮಾಡುವ ಕಸುಬು. 1949ರಲ್ಲಿ ಮನೆಬಳಕೆಯ ಡಿಶ್‌ವಾಷರನ್ನು ಕಿಚನ್‌ಏಡ್ ಹೆಸರಿನಲ್ಲಿ ಹೊರತಂದಾಗ, ಹೋಟೆಲಿನ ಯಂತ್ರ ಕಟ್ಟುವ ಬುದ್ಧಿಯಲ್ಲೇ ಮನೆಯದ್ದನ್ನೂ ಕಟ್ಟಿದರು. 1986ರಲ್ಲಿ ಕಿಚನ್‌ಏಡ್ ವರ್ಲ್‌ಪೂಲ್ ಕಂಪನಿಗೆ ಮಾರಾಟವಾಯಿತು. ಅದರ ನಂತರ ಬಂದವು ಬೇರೆ ಜಾತಿಯವು. ಕೆಟ್ಟವೆಂದಲ್ಲ, ಒಳಗಿನ ಕಟ್ಟುವಿಕೆ ಬೇರೆ. ನಿನ್ನದು ಅದಕ್ಕೂ ಹಿಂದಿನದು ಎಂದು ನನಗನ್ನಿಸುತ್ತದೆ.

ಒಳಗೆ ಕೈಯಾಡಿಸಿ ನೋಡು. ತೊಟ್ಟಿ ಪ್ಲಾಸ್ಟಿಕ್ ಅಲ್ಲ, ಉಕ್ಕಿನ ತಗಡಿನ ಮೇಲೆ ಪಿಂಗಾಣಿ ಲೇಪ. ನಾವು ಊರಲ್ಲಿ ಎನಾಮಲ್ ಬೇಸಿನ್ ಎನ್ನುತ್ತಿದ್ದೆವಲ್ಲ, ಅದೇ ಲೇಪ, ಇನ್ನೂ ದಪ್ಪ. ಅರಿಶಿನದ ಬಣ್ಣ ಇದಕ್ಕೆ ಹತ್ತುವುದಿಲ್ಲ. ನಮ್ಮ ಮನೆಗಳಿಗೆ ಇದಕ್ಕಿಂತ ದೊಡ್ಡ ಸುಖ ಬೇಡ. ಪ್ಲಾಸ್ಟಿಕ್ ತೊಟ್ಟಿಯ ಯಂತ್ರಗಳಲ್ಲಿ ಹುಳಿ, ಚಿತ್ರಾನ್ನದ ಪಾತ್ರೆ ತೊಳೆದು ತೊಳೆದು ಒಳಗೋಡೆ ಹಳದಿಗಟ್ಟಿರುವುದನ್ನು ಎಷ್ಟೋ ಕನ್ನಡದವರ ಮನೆಯಲ್ಲಿ ನೀನೇ ನೋಡಿರುತ್ತೀ. (ನಿನ್ನ ಪ್ಲಾಸ್ಟಿಕ್ ಡಬ್ಬಗಳಿಗೆ ಆ ಬಣ್ಣ ಹಿಡಿದಿದ್ದರೆ ತೊಳೆದು ಬಿಸಿಲಿಗಿಡು. ಅರಿಶಿನದ ಬಣ್ಣ ಬಿಸಿಲಿಗೆ ಹೋಗುತ್ತದೆ.)

ಇನ್ನು ಆ ಟೈಮರ್. ನಾಬ್ ತಿರುಗಿಸಿ, ಬಾಗಿಲು ಹಾಕಿ, ಕಿವಿಗೊಟ್ಟು ಕೇಳು. ಒಳಗೆ ಸಣ್ಣದೊಂದು ಗಡಿಯಾರದ ಮೋಟಾರು ಇದೆ. ಅದು ಒಂದು ಉರುಳೆಯನ್ನು ನಿಧಾನವಾಗಿ ತಿರುಗಿಸುತ್ತದೆ. ಉರುಳೆಯ ಮೈಮೇಲೆ ಉಬ್ಬು ತಗ್ಗುಗಳಿವೆ. ಉಬ್ಬು ಬಂದಾಗ ಒಂದು ಸ್ವಿಚ್ ಒತ್ತಿಕೊಂಡು ನೀರಿನ ವಾಲ್ವ್ ತೆರೆಯುತ್ತದೆ, ತಗ್ಗು ಬಂದಾಗ ಮುಚ್ಚುತ್ತದೆ. ಇನ್ನೊಂದು ಸಾಲಿನ ಉಬ್ಬು ಪಂಪನ್ನು ಓಡಿಸುತ್ತದೆ, ಮತ್ತೊಂದು ಸೋಪಿನ ಮುಚ್ಚಳ ಬಿಡಿಸುತ್ತದೆ. ತೊಳೆಯುವ ಇಡೀ ಕ್ರಮವನ್ನು ಆ ಉಬ್ಬು ತಗ್ಗುಗಳಲ್ಲೇ ಬರೆದಿಟ್ಟಿದ್ದಾರೆ. ಏನಾದರೂ ತೊಂದರೆ ಬಂದರೆ ನಾಬನ್ನು ಒಂದೊಂದೇ ಹೆಜ್ಜೆ ಮುಂದೆ ತಿರುಗಿಸಿ, ಯಾವ ಹೆಜ್ಜೆಯಲ್ಲಿ ನಿಲ್ಲುತ್ತದೆ ಎಂದು ನಿನ್ನ ಕಿವಿಯಲ್ಲೇ ಕಂಡುಹಿಡಿಯಬಹುದು. ಇದಕ್ಕಿಂತ ಪ್ರಾಮಾಣಿಕವಾದ ಯಂತ್ರ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ.

ಈಗ ಮುಖ್ಯವಾದ ಒಂದು ಎಚ್ಚರಿಕೆ. ಆ ಮನೆ ಎಷ್ಟೋ ತಿಂಗಳು ಖಾಲಿ ಇತ್ತು ಎಂದು ನೀನು ಹೇಳಿದ್ದೆ. ಯಂತ್ರ ಹಾಗೆ ಒಣಗಿ ನಿಂತಿದ್ದರೆ ಪಂಪಿನ ಸೀಲ್ ಒಣಗಿ ಅಂಟಿಕೊಂಡಿರುತ್ತದೆ, ರಬ್ಬರ್ ಬಿಗಿದಿರುತ್ತದೆ. ಬಂದವರು ನೇರವಾಗಿ ಬಟನ್ ಒತ್ತುತ್ತಾರೆ, ಮೋಟಾರು "ಮ್‌ಮ್" ಎಂದು ಗೊಣಗುತ್ತದೆ, ತಿರುಗುವುದಿಲ್ಲ. ಹಾಗೇ ಬಿಟ್ಟರೆ ಬಿಸಿಯಾಗಿ ಸುಟ್ಟೇ ಹೋಗಬಹುದು. ಆಮೇಲೆ ಹಳೇದು ಕೆಟ್ಟಿತ್ತು ಎಂಬ ಮಾತು. ಅದಕ್ಕೆ ಮೊದಲು ಒಂದೆರಡು ಲೀಟರ್ ಬಿಸಿನೀರನ್ನು ತೊಟ್ಟಿಯ ತಳಕ್ಕೆ ಸುರಿದು ಒಂದು ದಿನ ಬಿಡು. ಮರುದಿನ ಚಾಲೂ ಮಾಡು. ಗೊಣಗುವ ಸದ್ದು ಬಂದರೆ ತಕ್ಷಣ ನಿಲ್ಲಿಸು. ಓಡಿದರೆ, ಪಾತ್ರೆ ಇಡದೆ ಒಂದು ಸುತ್ತು ಪೂರ್ತಿ ಓಡಿಸಿ, ಟಾರ್ಚ್ ಹಿಡಿದು ಕೆಳಗೆ ನೆಲ ಒದ್ದೆಯಾಗುತ್ತಿದೆಯೇ ನೋಡು.

ಓಡಿತು, ಆದರೆ ಪಾತ್ರೆ ಸರಿಯಾಗಿ ತೊಳೆಯುವುದಿಲ್ಲ ಎನ್ನುತ್ತೀಯ ಎಂದುಕೋ. ಇದೇ ದೂರು ಕೇಳಿ ಕೇಳಿ ಎಷ್ಟೋ ಒಳ್ಳೆಯ ಯಂತ್ರಗಳು ರಸ್ತೆ ಬದಿಗೆ ಹೋಗಿರುವುದನ್ನು ಕಂಡಿದ್ದೇನೆ. ಯಂತ್ರದ ತಪ್ಪು ಅದರಲ್ಲಿ ಕಡಿಮೆ.

ಮೊದಲನೆಯದು ಬಿಸಿನೀರು. ಇವತ್ತಿನ ಯಂತ್ರ ಸ್ವಲ್ಪವೇ ನೀರು ತೆಗೆದುಕೊಂಡು ತಾನೇ ಕಾಯಿಸಿಕೊಳ್ಳುತ್ತದೆ. ಆ ಕಾಲದ್ದು ಮನೆಯ ವಾಟರ್ ಹೀಟರನ್ನೇ ನೆಚ್ಚಿಕೊಂಡಿದೆ. ಹೀಟರ್ ನೆಲಮಾಳಿಗೆಯ ಒಂದು ಮೂಲೆ, ಅಡುಗೆಮನೆ ಇನ್ನೊಂದು ಮೂಲೆ. ಅರ್ಧ ಇಂಚಿನ ತಾಮ್ರದ ಪೈಪು ನಲವತ್ತು ಅಡಿ ಇದ್ದರೆ ಅದರೊಳಗೇ ಎರಡು ಲೀಟರಿನ ಹತ್ತಿರ ತಣ್ಣೀರು ನಿಂತಿರುತ್ತದೆ, ಯಂತ್ರ ಮೊದಲು ಕುಡಿಯುವುದು ಅದನ್ನೇ. ಬಟನ್ ಒತ್ತುವ ಮುಂಚೆ ಸಿಂಕಿನ ಬಿಸಿನೀರಿನ ನಲ್ಲಿ ಬಿಟ್ಟು, ಕೈ ಸುಡುವಷ್ಟು ಬಿಸಿ ಬಂದ ಮೇಲೆ ನಿಲ್ಲಿಸಿ, ಆಮೇಲೆ ಯಂತ್ರ ಶುರು ಮಾಡು. ಬಂದ ನೀರನ್ನು ಚೆಲ್ಲಬೇಡ, ಒಂದು ಬಕೆಟ್ಟಿಗೆ ಹಿಡಿದು ಗಿಡಕ್ಕೆ ಹಾಕು. ನಲ್ಲಿಯಲ್ಲಿ ನೀರು 120 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 49 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ನಿನ್ನ ಅಡುಗೆಯ ಥರ್ಮಾಮೀಟರ್ ಇಟ್ಟು ನೋಡಬಹುದು. ಮಗು ಓಡಾಡುವ ಮನೆ, ಇದಕ್ಕಿಂತ ಹೆಚ್ಚು ಬಿಸಿ ಬೇಡ.

ಎರಡನೆಯದು ಸೋಪು. ನಿನ್ನ ಯಂತ್ರ ಕಟ್ಟಿದ ಕಾಲದಲ್ಲಿ ಸೋಪಿನ ಪುಡಿಯಲ್ಲಿ ಫಾಸ್ಫೇಟ್ ಇರುತ್ತಿತ್ತು. ಗಡಸು ನೀರಿನ ಸುಣ್ಣವನ್ನು ಹಿಡಿದಿಟ್ಟುಕೊಂಡು, ಗಾಜಿನ ಮೇಲೆ ಬಿಳಿ ಕಟ್ಟದಂತೆ ನೋಡಿಕೊಳ್ಳುತ್ತಿದ್ದದ್ದು ಅದೇ. 2010ರ ಜುಲೈನಿಂದ ಓಹಾಯೊ ಸೇರಿ ಹಲವು ರಾಜ್ಯಗಳು ಮನೆಬಳಕೆಯ ಡಿಶ್‌ವಾಷರ್ ಸೋಪಿನಲ್ಲಿ ಅದಕ್ಕೆ ಮಿತಿ ಹಾಕಿದವು. ಕಂಪನಿಗಳು ದೇಶಕ್ಕೆಲ್ಲ ಒಂದೇ ಹೊಸ ಸೋಪು ಮಾಡಿದವು. ಆ ವರ್ಷ ಗ್ಲಾಸುಗಳು ಮಬ್ಬಾದಾಗ ಜನ ಬೈದದ್ದು ಯಂತ್ರವನ್ನು. ಫಾಸ್ಫೇಟ್ ತೆಗೆದದ್ದು ಸರಿಯಾದ ಕೆಲಸವೇ. ರಂಜಕ ಕೆರೆಗೆ ಸೇರಿದರೆ ಹಸಿರು ಪಾಚಿ ಹಬ್ಬುತ್ತದೆ. ನಮ್ಮ ಈರಿ ಸರೋವರದಲ್ಲಿ, ಹೆಚ್ಚಾಗಿ ಹೊಲಗಳಿಂದ ಹರಿದು ಬರುವ ರಂಜಕದಿಂದ ಹೀಗೇ ಆಗಿ, 2014ರ ಆಗಸ್ಟಿನಲ್ಲಿ ಟೊಲೆಡೊ ಊರಿನವರಿಗೆ ನಲ್ಲಿ ನೀರು ಕುಡಿಯಬಾರದು ಎಂದು ಹೇಳುವ ಹಾಗಾಯಿತು. ಆದ್ದರಿಂದ ಬಣ್ಣದಂಗಡಿಯಿಂದ ಫಾಸ್ಫೇಟ್ ಪುಡಿ ತಂದು ಸೋಪಿಗೆ ಬೆರೆಸು ಎಂದು ಯಾರಾದರೂ ಹೇಳಿಕೊಟ್ಟರೆ ಕೇಳಬೇಡ.

ಈಗಿನ ಸೋಪಿನಲ್ಲಿ ಅದರ ಬದಲು ಕಿಣ್ವಗಳಿವೆ. ಒಂದು ಬೇಳೆ, ಹಾಲು, ಮೊಟ್ಟೆಯಂಥ ಪ್ರೋಟೀನನ್ನು ಕರಗಿಸುತ್ತದೆ; ಇನ್ನೊಂದು ಅನ್ನದ ಅಗುಳು, ಗಂಜಿ, ಮುದ್ದೆಯ ಹಿಟ್ಟಿನಂಥ ಪಿಷ್ಟವನ್ನು. ಇವಕ್ಕೆ ಬಿಸಿ ಬೇಕು, ಹೊತ್ತೂ ಬೇಕು. ನಿನ್ನ ಯಂತ್ರದಲ್ಲಿ ಹೊತ್ತು ಕಡಿಮೆ, ಹಾಗಾಗಿ ಬಿಸಿಯನ್ನಾದರೂ ಸರಿಯಾಗಿ ಕೊಡಬೇಕು. ಗುಳಿಗೆಯಂಥ ಸೋಪಿಗಿಂತ ಪುಡಿ ನಿನಗೆ ಒಳ್ಳೆಯದು. ಬಾಗಿಲಿನಲ್ಲಿ ಸೋಪಿಗೆ ಎರಡು ಗೂಡಿವೆ ನೋಡು: ಮುಚ್ಚಳವಿಲ್ಲದ್ದು ಮೊದಲ ತೊಳೆತಕ್ಕೆ, ಮುಚ್ಚಳವಿರುವುದು ಎರಡನೆಯದಕ್ಕೆ. ಗುಳಿಗೆಯನ್ನು ಮುಚ್ಚಳದೊಳಗೆ ಇಟ್ಟರೆ ಮೊದಲ ತೊಳೆತ ಬರೀ ನೀರಿನಲ್ಲೇ ಮುಗಿಯುತ್ತದೆ. ಪುಡಿಯನ್ನು ಎರಡಕ್ಕೂ ಹಂಚಿ ಹಾಕು, ಜೊತೆಗೆ ರಿನ್ಸ್ ಏಡ್ ಇರಲಿ.

ಬೆಂಗಳೂರಿನಲ್ಲಿ ನಿನ್ನ ಅಮ್ಮ ತನ್ನ ಯಂತ್ರಕ್ಕೆ ಉಪ್ಪು ಹಾಕುತ್ತಾಳಲ್ಲ, ಅದನ್ನು ನೋಡಿ ಇಲ್ಲಿ ಹಾಕಬೇಡ. ಅದು ಬೋರ್‌ವೆಲ್ ನೀರನ್ನು ಮೆದು ಮಾಡುವ ಬೇರೊಂದು ಡಬ್ಬ ಇರುವ ಮಾದರಿ. ನಿನ್ನದರಲ್ಲಿ ಆ ಡಬ್ಬವೇ ಇಲ್ಲ. ಇಲ್ಲಿಯ ನೆಲವೆಲ್ಲ ಸುಣ್ಣದಕಲ್ಲು, ನೀರು ಗಡಸು. ತಿಂಗಳಿಗೊಮ್ಮೆ ಒಂದಿಷ್ಟು ನಿಂಬೆಉಪ್ಪು ಹಾಕಿ, ಪಾತ್ರೆ ಇಡದೆ ಓಡಿಸಿದರೆ ಒಳಗಿನ ಸುಣ್ಣದ ಕಟ್ಟು ಬಿಡುತ್ತದೆ.

ಮೂರನೆಯದು ನಮ್ಮ ಒಗ್ಗರಣೆ. ಕೆಳಗಿನ ತಿರುಗುವ ತೋಳನ್ನು ಬಿಚ್ಚಿ ಬೆಳಕಿಗೆ ಹಿಡಿ. ತೂತುಗಳಲ್ಲಿ ಸಾಸಿವೆ ಕಾಳು ಸಿಕ್ಕಿಕೊಂಡಿರುತ್ತದೆ, ಕರಿಬೇವಿನ ನಾರು ಅಡ್ಡ ಕೂತಿರುತ್ತದೆ. ಸಾಸಿವೆ ತೂತಿನ ಅಳತೆಗೇ ಹುಟ್ಟಿದ ಹಾಗಿರುತ್ತದೆ. ಒಳಗಿನಿಂದ ಬಂದು, ಅರ್ಧ ಹೊರಗೆ ಇಣುಕಿ, ಅಲ್ಲೇ ನಿಲ್ಲುತ್ತದೆ. ಹಲ್ಲುಕಡ್ಡಿಯಿಂದ ಹೊರಗಿನಿಂದ ಒತ್ತಿದರೆ ಒಳಗೆ ಬೀಳುತ್ತದೆಯೇ ಹೊರತು ಹೋಗುವುದಿಲ್ಲ. ಮುಂದಿನ ಸಲ ಪಕ್ಕದ ತೂತಿಗೆ ಬರುತ್ತದೆ. ಆದ್ದರಿಂದ ಒತ್ತಿದ ಮೇಲೆ ತೋಳನ್ನು ನಲ್ಲಿಯ ಕೆಳಗೆ ತಲೆಕೆಳಗಾಗಿ ಹಿಡಿದು ಅಲುಗಿಸಿ, ಎಲ್ಲವನ್ನೂ ಹೊರಗೆ ಬೀಳಿಸು. ತೋಳಿನ ತೂತು ಮುಚ್ಚಿದರೆ ನೀರಿನ ರಭಸ ಮಾತ್ರವಲ್ಲ, ತೋಳು ತಿರುಗುವುದೂ ನಿಧಾನವಾಗುತ್ತದೆ. ಏಕೆಂದರೆ ಅದನ್ನು ತಿರುಗಿಸುವುದು ಓರೆಯಾಗಿ ಚಿಮ್ಮುವ ಆ ನೀರೇ. ತಟ್ಟೆಯನ್ನು ಇಡುವ ಮುಂಚೆ ತೊಳೆಯಬೇಡ, ಎಂಜಲು ಬಳಿದು ಹಾಕಿದರೆ ಸಾಕು. ಒಗ್ಗರಣೆ ಸೌಟು, ಸಾರಿನ ಪಾತ್ರೆಯನ್ನು ಮಾತ್ರ ಒಮ್ಮೆ ನೀರು ತೋರಿಸಿ ಇಡು. ಅಲ್ಯೂಮಿನಿಯಂ ಕುಕ್ಕರ್ ಇಟ್ಟರೆ ಕಪ್ಪಾಗುತ್ತದೆ, ಕಬ್ಬಿಣದ ಬಾಣಲೆಯ ಪಳಗಿದ ಎಣ್ಣೆಯೆಲ್ಲ ಹೋಗುತ್ತದೆ, ಹಿತ್ತಾಳೆ ಹೊಳಪು ಕಳೆದುಕೊಳ್ಳುತ್ತದೆ. ಇವು ಮೂರನ್ನೂ ಕೈಯಲ್ಲೇ ತೊಳೆ.

ಇಷ್ಟಕ್ಕೇ ಬಹಳ ಸಲ ಯಂತ್ರ ಸರಿಹೋಗುತ್ತದೆ. ಸ್ಕ್ರೂಡ್ರೈವರ್ ಮುಟ್ಟಬೇಕಾಗಿಯೇ ಬರುವುದಿಲ್ಲ.

ಮುಟ್ಟಬೇಕಾಗಿ ಬಂದರೆ, ಮೊದಲು ಬ್ರೇಕರ್ ಆಫ್ ಮಾಡು. ಇಂಥ ಯಂತ್ರಕ್ಕೆ ಸಾಮಾನ್ಯವಾಗಿ ಪ್ಲಗ್ ಇರುವುದಿಲ್ಲ, ಗೋಡೆಯಿಂದ ಬಂದ ವೈರ್ ನೇರವಾಗಿ ಕೆಳಗಿನ ಡಬ್ಬಿಗೆ ಸೇರಿರುತ್ತದೆ. ಬ್ರೇಕರ್ ಪೆಟ್ಟಿಗೆಯ ಮೇಲೆ ಹಿಂದಿನವರು ಅಂಟಿಸಿದ ಚೀಟಿಯನ್ನು ನಂಬಬೇಡ. ಟೆಸ್ಟರ್ ಹಿಡಿದು ಕರೆಂಟ್ ಇಲ್ಲವೆಂದು ಖಚಿತ ಮಾಡಿಕೋ. ಸಿಂಕಿನ ಕೆಳಗಿನ ನೀರಿನ ವಾಲ್ವ್ ಮುಚ್ಚು. ಗ್ಲೌಸ್ ಹಾಕಿಕೋ, ಕೆಳಗಿನ ತಗಡಿನ ಅಂಚು ಬ್ಲೇಡಿನಷ್ಟು ಹರಿತ.

ಬಾಗಿಲಿನ ಕೆಳಗೆ, ಕಾಲಿನ ಹತ್ತಿರದ ಪಟ್ಟಿಯ ಸ್ಕ್ರೂಗಳನ್ನು ಬಿಚ್ಚು. ಪಟ್ಟಿ ಕೈಗೆ ಬಂದ ಕೂಡಲೆ ಅದರ ಹಿಂದೆ ನೋಡು. ಮಡಿಸಿದ ಕಾಗದವೊಂದು ಸಿಕ್ಕಿಸಿರುವ ಸಾಧ್ಯತೆ ಬಹಳ. ಇಡೀ ಯಂತ್ರದ ವೈರಿಂಗ್ ಚಿತ್ರ, ಟೈಮರಿನ ಯಾವ ನಿಮಿಷಕ್ಕೆ ಏನಾಗಬೇಕು ಎಂಬ ಪಟ್ಟಿ ಅದರಲ್ಲಿರುತ್ತದೆ. ಮುಂದೆ ಯಾವನೋ ಇದನ್ನು ಬಿಚ್ಚುತ್ತಾನೆ, ಅವನಿಗೆ ದಾರಿ ಗೊತ್ತಾಗಲಿ ಎಂದು ಕಾರ್ಖಾನೆಯವರೇ ಇಟ್ಟು ಕಳಿಸಿದ್ದು. ಕಾಗದ ಹಳದಿಯಾಗಿ ಪುಡಿಯಾಗುವಂತಿರುತ್ತದೆ. ಹುಷಾರಾಗಿ ಬಿಡಿಸಿ, ಮೊದಲು ಫೋಟೊ ತೆಗೆದು ನನಗೆ ಕಳಿಸು.

ನೀರೇ ಬರದಿದ್ದರೆ ಅಥವಾ ಕಡಿಮೆ ಬಂದರೆ ಇನ್‌ಲೆಟ್ ವಾಲ್ವ್ ನೋಡು. ಅದರ ಬಾಯಲ್ಲಿ ಸಣ್ಣ ಜರಡಿ ಇದೆ, ಪೈಪಿನ ತುಕ್ಕು ಮತ್ತು ಮರಳು ಅಲ್ಲಿ ಕೂತಿರುತ್ತದೆ. ಇಂಥ ಯಂತ್ರಗಳು ನೀರನ್ನು ಅಳೆಯುವುದಿಲ್ಲ. ಇಷ್ಟು ಸೆಕೆಂಡ್ ವಾಲ್ವ್ ತೆರೆದಿರಬೇಕು ಎಂದು ಟೈಮರ್ ಹೇಳುತ್ತದೆ, ಅಷ್ಟರಲ್ಲಿ ಬಂದದ್ದೇ ನೀರು. ಜರಡಿ ಕಟ್ಟಿದರೆ ನೀರು ಸಾಲದೆ ಪಂಪು ಗಾಳಿ ನುಂಗುತ್ತದೆ, ಸದ್ದು ಬದಲಾಗುತ್ತದೆ. ತೊಟ್ಟಿಯೊಳಗಿನ ಆ ತೇಲುವ ಬುರುಡೆ ನೀರು ಉಕ್ಕದಂತೆ ಕಾಯಲು ಮಾತ್ರ. ಅದು ಸೋಪಿನ ಕೆಸರಿನಿಂದ ಮೇಲಕ್ಕೆ ಅಂಟಿಕೊಂಡಿದ್ದರೂ ನೀರು ಬರುವುದಿಲ್ಲ, ಎತ್ತಿ ಇಳಿಸಿ ನೋಡು. ಬಾಗಿಲಿನಿಂದ ಸೋರಿದರೆ ಸುತ್ತಲಿನ ಗ್ಯಾಸ್ಕೆಟ್ ತೊಳೆದು ನೋಡು; ಗಟ್ಟಿಯಾಗಿ ಬಿರಿದಿದ್ದರೆ ಬದಲಾಯಿಸಬೇಕು. ರ‍್ಯಾಕಿನ ತುದಿಗಳಲ್ಲಿ ತುಕ್ಕು ಹಿಡಿದಿದ್ದರೆ ಉಜ್ಜಿ, ಒಣಗಿಸಿ, ರ‍್ಯಾಕಿಗೆಂದೇ ಸಿಗುವ ಬಣ್ಣ ಹಚ್ಚಿ, ತುದಿಗೆ ರಬ್ಬರಿನ ಟೋಪಿ ಹಾಕಬಹುದು. ಇವೆಲ್ಲ ಒಂದು ಸಂಜೆಯ ಕೆಲಸ.

ಪಂಪಿನ ಸೀಲ್ ಮಾತ್ರ ಸಂಜೆಯ ಕೆಲಸವಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿನ್ನ ಯಂತ್ರದಲ್ಲಿ ಮೋಟಾರು ಕೆಳಗೆ ನಿಂತಿದೆ, ಪಂಪು ಅದರ ನೆತ್ತಿಯ ಮೇಲೆ. ಮೋಟಾರಿನ ಕಂಬಿ ತೊಟ್ಟಿಯೊಳಗೆ ಬರುವ ಜಾಗದಲ್ಲಿ ನೀರು ಕೆಳಗಿಳಿಯದಂತೆ ತಡೆಯುವುದು ಈ ಸೀಲ್. ಇಂಗಾಲದ ಒಂದು ಬಿಲ್ಲೆ, ಪಿಂಗಾಣಿಯ ಒಂದು ಬಿಲ್ಲೆ, ಬೀಸುಕಲ್ಲಿನ ಹಾಗೆ ಒಂದರ ಮೇಲೊಂದು ತಿರುಗುತ್ತವೆ, ಸ್ಪ್ರಿಂಗ್ ಅವನ್ನು ಒತ್ತಿ ಹಿಡಿದಿರುತ್ತದೆ. ಮುಖಗಳು ಕನ್ನಡಿಯಷ್ಟು ನುಣುಪು. ನಡುವೆ ನೀರಿನ ತೆಳು ಪದರ ಇದ್ದರೇ ಅವಕ್ಕೆ ತಂಪು, ನೀರಿಲ್ಲದೆ ಓಡಿಸಬಾರದು ಎನ್ನುವುದು ಅದಕ್ಕೇ. ಸವೆದಾಗ ಒಂದೊಂದೇ ಹನಿ ಮೋಟಾರಿನ ಮೇಲಿನ ಬೇರಿಂಗಿಗೆ ಇಳಿಯುತ್ತದೆ. ಮೊದಲು ಮೋಟಾರಿನ ಮೈಮೇಲೆ ಸುಣ್ಣದ ಬಿಳಿ ಗೆರೆ, ಆಮೇಲೆ ಕೆಂಪು ತುಕ್ಕಿನ ಗೆರೆ, ಕೊನೆಗೆ ಕಿರುಗುಟ್ಟುವ ಸದ್ದು. ಬಿಳಿ ಗೆರೆ ಕಂಡಾಗಲೇ ಸೀಲ್ ಬದಲಾಯಿಸಿದರೆ ಮೋಟಾರು ಉಳಿಯಿತು. ಕಿರುಗುಟ್ಟುವವರೆಗೆ ಕಾದರೆ ಬೇರಿಂಗೂ ಹೋಯಿತು, ಎಷ್ಟೋ ಸಲ ಮೋಟಾರೂ ಹೋಯಿತು. ಆದ್ದರಿಂದ ಪಟ್ಟಿ ಬಿಚ್ಚಿದಾಗ ಟಾರ್ಚ್ ಬಿಟ್ಟು ಮೊದಲು ಆ ಗೆರೆ ಹುಡುಕು. ನನ್ನ ಮಟ್ಟಿಗೆ ಆ ಯಂತ್ರದ ಆಯುಷ್ಯವನ್ನು ಹೇಳುವುದು ಅದೊಂದೇ. ಹೊಸ ಸೀಲ್ ಕೂರಿಸುವಾಗ ಆ ನುಣುಪು ಮುಖವನ್ನು ಬೆರಳಿನಿಂದ ಮುಟ್ಟಬಾರದು. ಬೆರಳಿನ ಜಿಡ್ಡು, ಧೂಳಿನ ಒಂದು ಕಣ ಸಾಕು ಮತ್ತೆ ಸೋರಲು.

ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಕೇಳುತ್ತೀ. ಹೋಬಾರ್ಟ್ ಕಾಲದ್ದಕ್ಕೆ ಹೊಸದಾಗಿ ಮಾಡುವವರು ಕಡಿಮೆ, ಅಂಗಡಿಗಳಲ್ಲಿ ಉಳಿದ ಹಳೇ ದಾಸ್ತಾನು ಹುಡುಕಬೇಕು ಅಥವಾ ಯಾರೋ ಕಿತ್ತು ಹಾಕಿದ ಇಂಥದೇ ಯಂತ್ರದಿಂದ ತೆಗೆಯಬೇಕು. ಮಾದರಿ ಸಂಖ್ಯೆ, ಸೀರಿಯಲ್ ಸಂಖ್ಯೆ ಎರಡನ್ನೂ ಬರೆದುಕೊಂಡು ಹೋಗು. ಕಣ್ಣಿಗೆ ಒಂದೇ ಥರ ಕಾಣುವ ಎರಡು ಸೀಲ್ ಒಂದೇ ಆಗಿರುವುದಿಲ್ಲ.

ಹಳೇದೆಲ್ಲ ಒಳ್ಳೇದು ಎಂದು ನಾನು ಹೇಳಿದೆನೆಂದು ಯಾರಿಗೂ ಹೇಳಬೇಡ. ನಿನ್ನ ಗೆಳತಿಯರ ಮನೆಯಲ್ಲಿ 1983ರ ಏಪ್ರಿಲ್‌ನಿಂದ 1989ರ ಜನವರಿಯೊಳಗೆ ಮಾಡಿದ ಜನರಲ್ ಎಲೆಕ್ಟ್ರಿಕ್ ಡಿಶ್‌ವಾಷರ್ ಇದ್ದರೆ ಅದನ್ನು ಓಡಿಸುವುದು ಬೇಡ ಎಂದು ಹೇಳು. ಒಣಗಿಸುವಾಗ ಶಾಖ ಬೇಕೋ ಬೇಡವೋ ಎಂದು ಆರಿಸುವ ಜಾರುವ ಸ್ವಿಚ್ ಕಾಲಕ್ರಮೇಣ ಕರಗಿ ಬೆಂಕಿ ಹತ್ತುವ ಅಪಾಯವಿದೆ ಎಂದು 1999ರಲ್ಲಿ ಅಂಥ ಸುಮಾರು 31 ಲಕ್ಷ ಯಂತ್ರಗಳನ್ನು ವಾಪಸು ಕರೆದರು. ಸ್ವಿಚ್ ಸರಿಪಡಿಸದೆ ಉಳಿದವು ಇನ್ನೂ ಅಲ್ಲಿ ಇಲ್ಲಿ ಇರಬಹುದು. ಅಂಥದರ ಮೇಲೆ ಮಮತೆ ಬೇಡ. ನಿನ್ನದರಲ್ಲೂ ವೈರಿನ ಹೊದಿಕೆ ಮುಟ್ಟಿದರೆ ಉದುರುವಂತಿದ್ದರೆ, ತೊಟ್ಟಿಯ ಎನಾಮಲ್ ಎದ್ದು ತುಕ್ಕು ತಗಡಿನ ಆಚೆಗೂ ತೂತು ಮಾಡಿದ್ದರೆ, ಅಲ್ಲಿಗೆ ನಿಲ್ಲಿಸು. ಮೇಲ್ಮೈಯ ಸಣ್ಣ ಚಕ್ಕೆಗೆ ಎಪಾಕ್ಸಿ ಹಚ್ಚಬಹುದು, ತೂತಿಗೆ ಔಷಧವಿಲ್ಲ.

ನೀರಿನ ಲೆಕ್ಕವನ್ನೂ ಮುಚ್ಚಿಡುವುದಿಲ್ಲ. ಆ ಕಾಲದ ಯಂತ್ರಗಳು ಒಂದು ಸುತ್ತಿಗೆ 10ರಿಂದ 15 ಗ್ಯಾಲನ್, ಅಂದರೆ 38ರಿಂದ 57 ಲೀಟರ್ ನೀರು ಕುಡಿಯುತ್ತಿದ್ದವು. 2013ರಿಂದ ಕಾನೂನು ಹೇಳುವುದು 5 ಗ್ಯಾಲನ್ ಮೀರಬಾರದು ಎಂದು. ಒಳ್ಳೆಯವು ಅದಕ್ಕಿಂತಲೂ ಕಡಿಮೆಯಲ್ಲಿ ಮುಗಿಸುತ್ತವೆ. ಒಂದು ಸುತ್ತಿಗೆ ಮೂವತ್ತು ಲೀಟರ್ ಹೆಚ್ಚು ಎಂದರೆ, ಅದನ್ನು ಕಾಯಿಸುವ ಶಾಖವೇ ಒಂದು ಯೂನಿಟ್ಟಿಗಿಂತ ಹೆಚ್ಚಾಯಿತು. ದಿನಕ್ಕೆರಡು ಸಲ ಓಡಿಸುವ ದೊಡ್ಡ ಸಂಸಾರವಾಗಿದ್ದರೆ ಹೊಸದನ್ನೇ ಕೊಳ್ಳಿ ಎನ್ನುತ್ತಿದ್ದೆ. ನೀವು ಮೂರು ಜನ. ತುಂಬಿದ ಮೇಲೆ, ಎರಡು ಮೂರು ದಿನಕ್ಕೊಮ್ಮೆ ಓಡಿಸಿದರೆ ಆ ವ್ಯತ್ಯಾಸ ಸಹಿಸುವಂಥದ್ದು. ಚೆನ್ನಾಗಿ ಓಡುವ ಉಕ್ಕು, ತಾಮ್ರ, ಪಿಂಗಾಣಿಯನ್ನು ಗುಜರಿಗೆ ಕಳಿಸಿ ಇನ್ನೊಂದನ್ನು ಕಾರ್ಖಾನೆಯಿಂದ ತರಿಸುವುದಕ್ಕೂ ಒಂದು ಖರ್ಚಿದೆ, ಅದು ನಿನ್ನ ಬಿಲ್ಲಿನಲ್ಲಿ ಕಾಣುವುದಿಲ್ಲ ಅಷ್ಟೇ.

ಹೊಸ ಯಂತ್ರಗಳ ಬಗ್ಗೆ ನನಗೆ ಗೌರವವಿದೆ. ನೀರು ಎಷ್ಟು ಕೊಳೆಯಾಗಿದೆ ಎಂದು ಬೆಳಕು ಹಾಯಿಸಿ ನೋಡುತ್ತವೆ, ಅದಕ್ಕೆ ತಕ್ಕ ಹಾಗೆ ತೊಳೆಯುತ್ತವೆ. ಮಗು ಮಲಗಿದ್ದರೂ ಎಚ್ಚರವಾಗದಷ್ಟು ಮೆಲ್ಲಗೆ ಓಡುತ್ತವೆ. ನಿನ್ನದು ಓಡುವಾಗ ಫೋನಿನಲ್ಲಿ ಮಾತಾಡಲೂ ಆಗುವುದಿಲ್ಲ, ಅದು ನಿಜ. ಹೊಸವಕ್ಕೆ ನೀರು ಕಡಿಮೆಯಾದ್ದರಿಂದ ಹೊತ್ತು ಹೆಚ್ಚು ಬೇಕು, ಎರಡು ಗಂಟೆ ದಾಟುತ್ತದೆ. ನಿನ್ನದು ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿಸುತ್ತದೆ. ಇದ್ಯಾವುದೂ ನನ್ನ ದೂರಲ್ಲ. ನನಗೆ ಸಂಕಟವಾಗುವುದು ಅವನ್ನು ಬಿಚ್ಚಿದಾಗ. ಬಾಗಿಲೊಳಗೆ ಹಬೆಯ ಪಕ್ಕದಲ್ಲೇ ಒಂದು ಬೋರ್ಡ್ ಕೂತಿರುತ್ತದೆ. ಅದರ ಮೇಲಿನ ಬೆರಳುಗುರಿನಷ್ಟು ರಿಲೇ ಕೆಟ್ಟರೂ ಇಡೀ ಬೋರ್ಡ್ ಕೊಳ್ಳು ಎನ್ನುತ್ತಾರೆ. ಪಂಪು, ಹೀಟರು, ಸೆನ್ಸರು ಒಂದೇ ಗಡ್ಡೆಯಾಗಿ ಬರುತ್ತವೆ, ಒಂದು ಹೋದರೆ ಎಲ್ಲವೂ. ಬೆಲೆ ಕೇಳಿದರೆ ಹೊಸ ಯಂತ್ರದ ಅರ್ಧ. ಕೆಲವದರಲ್ಲಿ ಒಂದೆರಡು ಕೆಲಸ ಫೋನಿನ ಆ್ಯಪ್ ಇಲ್ಲದೆ ಆಗುವುದೇ ಇಲ್ಲ. ಆ ಆ್ಯಪ್ ಹದಿನೈದು ವರ್ಷದ ಮೇಲೂ ಇರುತ್ತದೆಂದು ಯಾರು ಬರೆದುಕೊಡುತ್ತಾರೆ?

ಇದು ಹೀಗೇ ಇರಬೇಕಾಗಿಲ್ಲ ಎನ್ನುವುದಕ್ಕೆ ಗುರುತುಗಳೂ ಇವೆ. ಯುರೋಪಿನಲ್ಲಿ 2021ರಿಂದ ಡಿಶ್‌ವಾಷರಿನ ಬಿಡಿಭಾಗಗಳನ್ನು, ಆ ಮಾದರಿಯ ಕೊನೆಯ ಯಂತ್ರ ಮಾರುಕಟ್ಟೆಗೆ ಬಂದ ಮೇಲೂ ಕನಿಷ್ಠ 7 ವರ್ಷ, ಕೆಲವನ್ನು 10 ವರ್ಷ ಒದಗಿಸಲೇಬೇಕು. ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈನಿಂದ ಬಂದ ಕಾನೂನು ಭಾಗಗಳ ಜೊತೆಗೆ ರಿಪೇರಿ ಪುಸ್ತಕವನ್ನೂ ಮನೆಯವರಿಗೇ ಕೊಡಬೇಕೆನ್ನುತ್ತದೆ. 100 ಡಾಲರಿನ ಮೇಲಿನದಕ್ಕೆ 7 ವರ್ಷ. ನಮ್ಮ ರಾಜ್ಯದಲ್ಲೂ ಇಂಥದ್ದು ಬರಲಿ ಎಂದು ನಿಮ್ಮ ಜಿಲ್ಲೆಯ ಪ್ರತಿನಿಧಿಗೆ ಒಂದು ಕಾಗದ ಹಾಕು. ನಾನು ಹಾಕಿದ್ದೇನೆ.

ಕೊನೆಗೆ ಹೊಸದೇ ಬೇಕಾಯಿತು ಎಂದುಕೋ. ಅಂಗಡಿಯಲ್ಲಿ ಬಣ್ಣ, ಬೆಳಕು ನೋಡುವ ಮುಂಚೆ ಕೆಳಗಿನ ಫಿಲ್ಟರನ್ನು ಕೈಯಿಂದ ತೆಗೆದು ಹಾಕಲು ಬರುತ್ತದೆಯೇ ನೋಡು, ತೋಳುಗಳು ಸ್ಕ್ರೂ ಇಲ್ಲದೆ ಬಿಚ್ಚಿಕೊಳ್ಳುತ್ತವೆಯೇ ನೋಡು. ಆ ಮಾದರಿಯ ಪಂಪು ಮತ್ತು ಬೋರ್ಡಿನ ಬೆಲೆಯನ್ನು ಯಂತ್ರ ಕೊಳ್ಳುವ ಮುಂಚೆಯೇ ಬಿಡಿಭಾಗದ ಅಂಗಡಿಯಲ್ಲಿ ವಿಚಾರಿಸು. ಅವರಿಗೆ ಗೊತ್ತಿಲ್ಲದಿದ್ದರೆ ಆ ಮಾದರಿ ಬೇಡ. ಫಿಲ್ಟರನ್ನು ವಾರಕ್ಕೊಮ್ಮೆ ತೊಳೆ. ಹೊಸ ಯಂತ್ರಗಳಲ್ಲಿ ಆ ಕೆಲಸ ನಮ್ಮದು. ಹಳೇದನ್ನು ಆಗಲೂ ರಸ್ತೆ ಬದಿಗೆ ಇಡಬೇಡ. ಮೋಟಾರು, ಟೈಮರು, ರ‍್ಯಾಕು ಯಾರದ್ದೋ ಯಂತ್ರಕ್ಕೆ ಜೀವ ಕೊಡುತ್ತವೆ, ನಮ್ಮ ಗ್ಯಾರೇಜಿಗೆ ತಂದು ಹಾಕು.

ಸದ್ಯಕ್ಕೆ ಬಾಗಿಲಿನ ಅಂಚಿನ ಪಟ್ಟಿಯ ಸಂಖ್ಯೆ ಮತ್ತು ಮೋಟಾರಿನ ಮೇಲೆ ಬಿಳಿ ಗೆರೆ ಇದೆಯೇ ಇಲ್ಲವೇ, ಇವೆರಡನ್ನು ತಿಳಿಸು. ಗೆರೆ ಇದ್ದರೆ ಸೀಲ್ ಹುಡುಕಿಸಲು ನನಗೆ ಸ್ವಲ್ಪ ದಿನ ಬೇಕು, ಅಲ್ಲಿಯವರೆಗೆ ಓಡಿಸಬೇಡ. ಇಲ್ಲದಿದ್ದರೆ ಶನಿವಾರ ದೊಡ್ಡಮ್ಮನ ಜೊತೆ ನಾನೇ ಬರುತ್ತೇನೆ, ಮೀಟರು ತರುತ್ತೇನೆ. ಅಳಿಯಂದಿರಿಗೆ ಬ್ರೇಕರ್ ಯಾವುದೆಂದು ಹುಡುಕಿಡಲು ಹೇಳು.